ಹೊಂಗೆ ಹೂ: ಐದು ಮಾತ್ರೆ

ಟೋಕಿಯೊ ನಗರದ ಪೂರ್ವ ಅಂಚಿನ ಎದೊಗವಾ ವಾರ್ಡಿನಲ್ಲಿ ನಾನು ನೆಲೆಸಿ ಹದಿನಾಲ್ಕು ವರ್ಷಗಳಾದವು. ಇಲ್ಲಿಯ ನಿಶಿಕಸಾಯ್ ಬಡಾವಣೆಯಲ್ಲಿ ಭಾರತೀಯರ ಮನೆಗಳು ಹೆಚ್ಚಾಗಿರುವುದರಿಂದ ತೊಗರಿಬೇಳೆಗೂ ಹುಣಸೆಹಣ್ಣಿಗೂ ತೊಂದರೆಯಿಲ್ಲ. ಯುಗಾದಿಯ ಬೆಳಿಗ್ಗೆ ಬೇವಿನ ಹೂ ಮಾತ್ರ ಸಿಗುವುದಿಲ್ಲ. 2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ ಬಂದಿತ್ತು. ಅದೇ ದಿನ ಇಲ್ಲಿನ ಹವಾಮಾನ ಇಲಾಖೆ ಟೋಕಿಯೊದ ಸಕುರ ಪೂರ್ತಿ ಅರಳಿದೆ ಎಂದು ಪ್ರಕಟಿಸಿತು. ತಿಪಟೂರಿನಿಂದ ತಂದಿಟ್ಟುಕೊಂಡಿದ್ದ ಒಣ ಬೇವಿನೆಲೆಯನ್ನು ಬೆಲ್ಲದೊಡನೆ ಬಾಯಿಗೆ ಹಾಕಿಕೊಂಡು ಹೊಳೆಯ ದಂಡೆಯ ಕಡೆಗೆ ನಡೆದಾಗ, ಹೂವಿನ ಕೆಳಗೆ ಚಾಪೆ ಹಾಸಿ ಕುಳಿತಿದ್ದ ಹಿರಿಯರಿಬ್ಬರು ಮೆಲ್ಲಗೆ ತುಟಿಯಾಡಿಸುತ್ತ ಬೆರಳು ಮಡಚುತ್ತಿದ್ದುದು ಕಂಡಿತು. ಅವರು ಏನನ್ನು ಎಣಿಸುತ್ತಿದ್ದಾರೆಂದು ನಾನು ಕೇಳಬೇಕಾಗಿರಲಿಲ್ಲ. ಮೊದಲು ಐದು ಬೆರಳು, ಆಮೇಲೆ ಏಳು, ಮತ್ತೆ ಐದು.

ನಾನು ಆರು ವರ್ಷಗಳಿಂದ ತಿಂಗಳಿಗೊಮ್ಮೆ ಇಲ್ಲಿನ ಒಂದು ಹಾಯ್ಕು ಕೂಟಕ್ಕೆ ಹೋಗುತ್ತಿದ್ದೇನೆ. ಐದು, ಏಳು, ಐದರ ಎಣಿಕೆಯ ಪುಟ್ಟ ಜಪಾನೀ ಪದ್ಯವೇ ಹಾಯ್ಕು. ಕನ್ನಡದಲ್ಲಿ ಬರೆಯುವ ಹಾಯ್ಕುಗಳನ್ನೂ ಅಷ್ಟೇ ಆಸೆಯಿಂದ ಓದುತ್ತೇನೆ. ಎರಡೂ ಕಡೆಯ ಎಣಿಕೆಯನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುತ್ತ ಬಂದ ಮೇಲೆ ನನ್ನಲ್ಲಿ ಗಟ್ಟಿಯಾಗಿ ನಿಂತ ಅನಿಸಿಕೆ ಇದು: ಕನ್ನಡದಲ್ಲಿ ಹಾಯ್ಕು ಬರೆಯುವ ನಾವು ಅಕ್ಷರವನ್ನು ಎಣಿಸುತ್ತಿದ್ದೇವೆ, ಎಣಿಸಬೇಕಾದದ್ದು ಮಾತ್ರೆಯನ್ನು, ಅಂದರೆ ಉಚ್ಚರಿಸಲು ಹಿಡಿಯುವ ಹೊತ್ತನ್ನು. ಅಕ್ಷರದ ಲೆಕ್ಕ ಜಪಾನೀಯರದೂ ಅಲ್ಲ, ನಮ್ಮ ಕಿವಿಯದೂ ಅಲ್ಲ. ನಡುವೆ ಇಂಗ್ಲಿಷಿನಲ್ಲಿ ಓದಿದ ವಿವರಣೆಯಿಂದ ನಮಗೆ ಬಂದದ್ದು ಎಂದು ನಾನು ತಿಳಿದಿದ್ದೇನೆ.

ಜಪಾನೀ ಕಾವ್ಯದ ಎಣಿಕೆಯ ಘಟಕಕ್ಕೆ ‘ಒನ್’ ಎಂದು ಹೆಸರು. ಧ್ವನಿ ಎಂದು ಅದರ ಅರ್ಥ. ಹ್ರಸ್ವ ಸ್ವರಕ್ಕೆ ಒಂದು ಒನ್, ದೀರ್ಘವಾದರೆ ಎರಡು. ಪದದ ನಡುವೆಯೋ ಕೊನೆಯಲ್ಲೋ ಸ್ವರವಿಲ್ಲದೆ ನಿಲ್ಲುವ ನಕಾರಕ್ಕೆ ಬೇರೆಯಾಗಿಯೇ ಒಂದು. ಒತ್ತು ಬಂದಲ್ಲಿ ನಾಲಿಗೆ ತಡೆದು ನಿಲ್ಲುವ ಆ ಚಿಕ್ಕ ಹೊತ್ತಿಗೂ ಒಂದು. ಹೀಗಾಗಿ ಕನ್ನಡದಲ್ಲಿ ಎರಡೇ ಅಕ್ಷರದಲ್ಲಿ ಮುಗಿಯುವ ‘ಟೋಕ್ಯೋ’ ಅವರ ಲೆಕ್ಕದಲ್ಲಿ ನಾಲ್ಕು; ಅವರ ದೇಶದ ಹೆಸರಾದ ‘ನಿಪ್ಪೊನ್’ ಕೂಡ ನಾಲ್ಕು; ‘ಹೈಕು’ ಮೂರು; ‘ಸಕುರ’ ಮೂರು. ಈಗ ಪ್ರೌಢಶಾಲೆಯ ಕನ್ನಡ ತರಗತಿಯಲ್ಲಿ ಕಲಿತ ಪ್ರಸ್ತಾರವನ್ನು ಇದೇ ಪದಗಳಿಗೆ ಹಾಕಿ ನೋಡಬಹುದು: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ‘ಟೋಕ್ಯೋ’ ಎಂಬಲ್ಲಿ ಎರಡೂ ಗುರು, ಆದ್ದರಿಂದ ನಾಲ್ಕು ಮಾತ್ರೆ. ‘ನಿಪ್ಪೊನ್’ ಎಂಬಲ್ಲಿ ಒತ್ತಕ್ಷರದ ಹಿಂದಿನ ‘ನಿ’ ಗುರು, ವ್ಯಂಜನದಿಂದ ಕೂಡಿದ ಕೊನೆಯದು ಗುರು, ಒಟ್ಟು ನಾಲ್ಕು. ‘ಹೈ’ ಗುರು, ‘ಕು’ ಲಘು, ಒಟ್ಟು ಮೂರು. ‘ಸಕುರ’ ಮೂರು ಲಘು. ಒಂದೂ ತಪ್ಪುವುದಿಲ್ಲ. ಸಾವಿರಾರು ಮೈಲಿ ದೂರದ, ಬೇರೆಯೇ ಕುಲದ ಒಂದು ಭಾಷೆಯ ಕಿವಿ ನಾಗವರ್ಮನ ಛಂದೋಂಬುಧಿಯ ಕಿವಿಯಂತೆಯೇ ಕೇಳಿಸಿಕೊಳ್ಳುತ್ತದೆ ಎಂದು ತಿಳಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಕೆಲವು ಕಡೆ ದಾರಿ ಬೇರೆಯಾಗುತ್ತದೆ ಎಂಬುದನ್ನೂ ಹೇಳಬೇಕು. ದೀರ್ಘದ ಮೇಲೆ ಅನುಸ್ವಾರ ಬಂದಾಗ, ಉದಾಹರಣೆಗೆ ‘ಸೋಂಕು’ ಎಂಬುದರ ‘ಸೋಂ’ ಎಂಬಲ್ಲಿ, ನಮ್ಮ ಶಾಸ್ತ್ರ ಎರಡು ಮಾತ್ರೆಗೆ ನಿಲ್ಲುತ್ತದೆ, ಅವರ ಕಿವಿ ಮೂರು ಎನ್ನುತ್ತದೆ. ಉಳಿದಂತೆ ಇವೆರಡು ಅಕ್ಕತಂಗಿಯರಂತಿವೆ.

ಹಾಗಿದ್ದರೆ ಅಕ್ಷರದ ಲೆಕ್ಕ ನಮ್ಮಲ್ಲಿ ಏಕೆ ಬೇರೂರಿತು? ಜಪಾನೀ ಪದಗಳಲ್ಲಿ ಹ್ರಸ್ವಗಳು ಬಹಳ. 1686ರಲ್ಲಿ ಜಪಾನಿನ ಕವಿ ಬಶೋ ಬರೆದ, ಹಳೆಯ ಕೊಳಕ್ಕೆ ಕಪ್ಪೆ ಹಾರುವ ಪದ್ಯ ಜಗತ್ತಿಗೆಲ್ಲ ಗೊತ್ತು. ಅದನ್ನು ಕನ್ನಡ ಲಿಪಿಯಲ್ಲಿ ಬರೆದು ಪ್ರಸ್ತಾರ ಹಾಕಿದರೆ ಹದಿನೇಳೂ ಲಘುಗಳೇ. ಅಲ್ಲಿ ಅಕ್ಷರವೂ 17, ಮಾತ್ರೆಯೂ 17. ಮಾದರಿಯಾಗಿ ನಮ್ಮ ಕೈಗೆ ಬಂದದ್ದು ಇಂಥ ಪದ್ಯವಾದ್ದರಿಂದ, ಎಣಿಸಿದ್ದು ಯಾವುದನ್ನು ಎಂಬ ಪ್ರಶ್ನೆಯೇ ಏಳಲಿಲ್ಲ. ಕನ್ನಡದ ಸಹಜ ಮಾತಿನಲ್ಲಿ ಆ ಸಮತೆ ಇಲ್ಲ. ‘ಚಿಗುರೆಲೆಯು’ ಎಂಬುದು ಐದು ಅಕ್ಷರ, ಐದು ಮಾತ್ರೆ. ‘ಚೈತ್ರಾರಂಭಕ್ಕೆ’ ಎಂಬುದು ಐದು ಅಕ್ಷರ, ಒಂಬತ್ತು ಮಾತ್ರೆ. ಉಚ್ಚರಿಸಲು ಹಿಡಿಯುವ ಹೊತ್ತಿನಲ್ಲಿ ಒಂದು ಇನ್ನೊಂದಕ್ಕೆ ಹೆಚ್ಚುಕಡಿಮೆ ಇಮ್ಮಡಿ. ಇವೆರಡನ್ನೂ ‘ಐದು’ ಎಂದು ಒಪ್ಪಿಕೊಳ್ಳುವ ಲೆಕ್ಕ ಕಣ್ಣಿನದು, ಕಿವಿಯದಲ್ಲ.

ಕನ್ನಡದಲ್ಲಿ ಅಕ್ಷರವನ್ನು ಎಣಿಸುವ ಪದ್ಯಗಳೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇವೆ, ಅವು ನಮ್ಮ ಹಿರಿಮೆ. ಚಂಪೂ ಕವಿಗಳ ಖ್ಯಾತಕರ್ಣಾಟಕ ವೃತ್ತಗಳು ಅಕ್ಷರದ ಲೆಕ್ಕದವು. ವಸಂತದ ಹೆಸರನ್ನೇ ಹೊತ್ತ ವಸಂತತಿಲಕದ ಸಾಲಿನಲ್ಲಿ 14 ಅಕ್ಷರಗಳಿವೆ. ಮಂದಾಕ್ರಾಂತದ ಒಂದು ಸಾಲಿನಲ್ಲಿ ಸರಿಯಾಗಿ 17 ಅಕ್ಷರಗಳು. ಯತಿ, ಅಂದರೆ ಓದಿನ ನಿಲುಗಡೆ, 4, 6, 7ಕ್ಕೆ ಬೀಳುತ್ತದೆ. ಆದರೆ ಆ ವೃತ್ತಗಳಲ್ಲಿ ಎಷ್ಟು ಅಕ್ಷರ ಎಂಬುದರ ಜೊತೆಗೆ ಎಷ್ಟನೆಯದು ಗುರು, ಎಷ್ಟನೆಯದು ಲಘು ಎಂಬುದೂ ಮೊದಲೇ ಕಟ್ಟಾಗಿದೆ. ಆ ಕಟ್ಟಿನಿಂದಾಗಿ ಮಂದಾಕ್ರಾಂತದ ಯಾವ ಸಾಲನ್ನು ಹಿಡಿದರೂ 27 ಮಾತ್ರೆ. ಅಕ್ಷರವನ್ನು ಎಣಿಸಿದರೂ ಕಾಲ ಜಾರಿಹೋಗದಂತೆ ಹಿರಿಯರು ಕಾದರು. ಇಂದಿನ ಕನ್ನಡ ಹಾಯ್ಕುವಿನ 17 ಅಕ್ಷರಕ್ಕೆ ಆ ಕಾವಲಿಲ್ಲ. ಅದು 17 ಮಾತ್ರೆಯೂ ಆಗಬಹುದು, 30 ದಾಟಲೂಬಹುದು. ಓದುವಾಗ ಲಯ ಹುಟ್ಟದಿರುವುದಕ್ಕೆ ಕಾರಣ ಬರೆಯುವವರ ಶಕ್ತಿಯ ಕೊರತೆಯಲ್ಲ, ಅಳತೆಗೋಲಿನ ದೋಷ.

ಈ ಮಾತನ್ನು ನಾನು ಕೆಲವು ವರ್ಷಗಳ ಹಿಂದೆ ಒಂದು ಕನ್ನಡ ಹಾಯ್ಕು ಸ್ಪರ್ಧೆಗೆ ಕಳುಹಿಸಿದ ಪದ್ಯಗಳ ಜೊತೆಯಲ್ಲೇ ಬರೆದಿದ್ದೆ. ಅಕ್ಷರಗಳು ಹದಿನೇಳಕ್ಕಿಂತ ಕಡಿಮೆಯಿವೆ ಎಂಬ ಒಂದೇ ಸಾಲಿನ ಟಿಪ್ಪಣಿಯೊಡನೆ ಅವು ತಿರುಗಿ ಬಂದವು. ಪದ್ಯ ಹಿಂದಿರುಗಿದ್ದಕ್ಕೆ ನನಗೆ ನೋವಾಗಲಿಲ್ಲ. ಕೇಶಿರಾಜನೂ ನಾಗವರ್ಮನೂ ಹುಟ್ಟಿದ ಭಾಷೆಯಲ್ಲಿ ಮಾತ್ರೆ ಎಂಬ ಪದವನ್ನು ಎತ್ತಿದಾಗ ಅದು ಚರ್ಚೆಗೇ ಬರಲಿಲ್ಲವಲ್ಲ ಎಂಬ ನೋವು ಇವತ್ತಿಗೂ ಇದೆ.

ಹದಿನೇಳು ಮಾತ್ರೆ ಕನ್ನಡಕ್ಕೆ ತೀರ ಕಡಿಮೆ, ಒಂದು ವಿಭಕ್ತಿ ಸೇರಿಸುವಷ್ಟರಲ್ಲಿ ಸಾಲು ಮುಗಿದುಹೋಗುತ್ತದೆ ಎಂಬ ಆಕ್ಷೇಪಣೆಯನ್ನು ನಾನು ಬಲ್ಲೆ, ಮೊದಲ ವರ್ಷ ನಾನೂ ಅದನ್ನೇ ಹೇಳುತ್ತಿದ್ದೆ. ಆಮೇಲೆ ಭಾಮಿನಿ ಷಟ್ಪದಿಯನ್ನು ನೆನೆದುಕೊಂಡು ಲೆಕ್ಕ ಹಾಕಿದೆ. ಚಿಕ್ಕ ಸಾಲಿಗೆ 3-4-3-4, ಅಂದರೆ 14 ಮಾತ್ರೆ, ಅಂಥವು ನಾಲ್ಕು. ಮೂರನೆಯ ಮತ್ತು ಆರನೆಯ ದೊಡ್ಡ ಸಾಲುಗಳಿಗೆ, ಕೊನೆಯ ಗುರುವೂ ಸೇರಿ, ತಲಾ 23. ಒಟ್ಟು 102. ಅದನ್ನು 17ರಿಂದ ಭಾಗಿಸಿದರೆ ಆರು. ಕುಮಾರವ್ಯಾಸನ ಒಂದೊಂದು ಪದ್ಯದೊಳಗೂ ಅಳತೆಯಲ್ಲಿ ಸರಿಯಾಗಿ ಆರು ಹಾಯ್ಕುಗಳು ಹಿಡಿಯುತ್ತವೆ. ಇದು ಕಾಕತಾಳೀಯವೇ ಇರಬಹುದು, ಅದರ ಮೇಲೆ ಸಿದ್ಧಾಂತ ಕಟ್ಟುವುದಿಲ್ಲ. ಆದರೆ ಇನ್ನೊಂದು ಹೋಲಿಕೆ ಕಾಕತಾಳೀಯವೆಂದು ಬಿಡುವಂಥದ್ದಲ್ಲ. ಹಾಯ್ಕುವಿನ ಏಳು ಸಾಮಾನ್ಯವಾಗಿ ಮೂರು ಮತ್ತು ನಾಲ್ಕಾಗಿ, ಇಲ್ಲವೇ ನಾಲ್ಕು ಮತ್ತು ಮೂರಾಗಿ ಒಡೆಯುತ್ತದೆ. ನಮ್ಮ ಭಾಮಿನಿಯ ನಡಿಗೆಯೇ 3+4. ಹಾಯ್ಕುವಿನ ಐದು, ಲಕ್ಷ್ಮೀಶನ ವಾರ್ಧಕ ಷಟ್ಪದಿಯ ಐದು ಮಾತ್ರೆಯ ಗಣ. ಹಾಡುಗಾರರ ಮಾತಿನಲ್ಲಿ ಹೇಳುವುದಾದರೆ ಒಂದು ಖಂಡಛಾಪು, ಇನ್ನೊಂದು ಮಿಶ್ರಛಾಪು. 5-7-5-7-7ರ ‘ತಂಕ’ ಎಂಬ ಹಳೆಯ ಪ್ರಕಾರದ ಕೊನೆಯ ಏಳು-ಏಳು ಸೇರಿದರೆ ಹದಿನಾಲ್ಕು, ಭಾಮಿನಿಯ ಒಂದು ಚಿಕ್ಕ ಸಾಲು. ಐದೂ ಏಳೂ ಕನ್ನಡಕ್ಕೆ ಹೊರಗಿನಿಂದ ಬರಬೇಕಾದ ಸಂಖ್ಯೆಗಳೇ ಅಲ್ಲ. ನಮ್ಮ ಅಜ್ಜಂದಿರು ಅವುಗಳ ಮೇಲೆ ಇಡೀ ಭಾರತವನ್ನೇ ಹಾಡಿದರು.

ಮೂರು ಸಾಲು ಕೂಡ ನಮಗೆ ಹೊಸದಲ್ಲ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಸ್ವಭಾವವನ್ನು ಹೇಳುವ ತ್ರಿಪದಿಗಳನ್ನು ಸುಮಾರು 700ರ ಹೊತ್ತಿಗೆ ಕೆತ್ತಿದ್ದಾರೆ. ಬೀಸುವ ಕಲ್ಲಿನ ಹಾಡುಗಳಲ್ಲಿ, ಸರ್ವಜ್ಞನಲ್ಲಿ ಅದೇ ತ್ರಿಪದಿ ಇವತ್ತಿಗೂ ಬದುಕಿದೆ.

ಎಣಿಕೆಯ ಮಾತು ಇಷ್ಟಕ್ಕೆ ಇರಲಿ, ಏಕೆಂದರೆ ಜಪಾನೀಯರಿಗೆ ಎಣಿಕೆಗಿಂತ ದೊಡ್ಡ ಕಟ್ಟುಪಾಡು ಇನ್ನೊಂದಿದೆ: ಪದ್ಯದಲ್ಲಿ ಋತುವನ್ನು ಸೂಚಿಸುವ ಒಂದು ಪದ ಇರಬೇಕು. ಅದಕ್ಕೆ ‘ಕಿಗೊ’ ಎನ್ನುತ್ತಾರೆ. ಯಾವ ಪದ ಯಾವ ಋತುವಿನದು ಎಂದು ಹೇಳುವ ಕೋಶ ‘ಸಾಯ್‌ಜಿಕಿ’. ಹಾಯ್ಕು ಬರೆಯುವವರ ಚೀಲದಲ್ಲಿ ಅದರ ಪುಟ್ಟ ಪ್ರತಿಯೊಂದು ಇದ್ದೇ ಇರುತ್ತದೆ. ವಸಂತ ಬಂತು ಎಂದು ಹೇಳಲು ಅದರಲ್ಲಿರುವ ಮೆಟ್ಟಿಲುಗಳನ್ನು ನೋಡಿ ನಾನು ಬೆರಗಾಗಿದ್ದೇನೆ. ‘ವಸಂತ ಹತ್ತಿರ’ ಎಂಬುದು ಇನ್ನೂ ಚಳಿಗಾಲದ ಪದ. ಫೆಬ್ರವರಿ 4ರ ಸುಮಾರಿಗೆ ಬರುವ ‘ರಿಶ್ಶುನ್’, ಅಂದರೆ ವಸಂತ ಎದ್ದು ನಿಲ್ಲುವ ದಿನ. ಅಂದಿನಿಂದ ಪಂಚಾಂಗದಲ್ಲಿ ವಸಂತ. ಆಮೇಲೆ ‘ಆಳವಿಲ್ಲದ ವಸಂತ’. ಬೆಚ್ಚಗಾಯಿತು ಎನ್ನುವಾಗ ಮರಳಿ ಕೊರೆಯುವ ಚಳಿಗೆ ಬೇರೆ ಪದ. ನೀರು ಬೆಚ್ಚಗಾಗುವುದಕ್ಕೆ ಒಂದು, ಬೆಟ್ಟ ನಗುವುದಕ್ಕೆ ಒಂದು, ‘ಆಳವಾದ ವಸಂತ’, ‘ಹೋಗುತ್ತಿರುವ ವಸಂತ’, ಕೊನೆಗೆ ಹೋಗುವ ವಸಂತಕ್ಕಾಗಿ ಮರುಗುವುದಕ್ಕೂ ಒಂದು. ಇದರ ಹಿಂದೆ ವರ್ಷವನ್ನು 24 ಭಾಗವಾಗಿ, ಅದನ್ನು ಐದೈದು ದಿನಗಳ 72 ತುಣುಕಾಗಿ ಒಡೆಯುವ ಹಳೆಯ ಪಂಚಾಂಗವಿದೆ. ರಿಶ್ಶುನ್ನಿನ ಮೊದಲ ಐದು ದಿನಗಳ ಹೆಸರೇ ‘ಮೂಡಣ ಗಾಳಿ ಮಂಜುಗಡ್ಡೆ ಕರಗಿಸುವುದು’. ಈ ವ್ಯವಸ್ಥೆ ಚೀನಾದಿಂದ ಬಂದದ್ದು. ಜಪಾನೀಯರು ತಮ್ಮ ನಾಡಿನ ಹವೆಗೆ, ತಮ್ಮ ಹಕ್ಕಿಗಳಿಗೆ ಒಪ್ಪುವಂತೆ ಅದನ್ನು ತಿದ್ದಿಕೊಂಡರು.

ವಸಂತ ಬರುವುದನ್ನು ಹೇಳುವ ಪದಗಳಲ್ಲಿ ನನಗೆ ಹತ್ತಿರವಾದದ್ದು ‘ಹರು ಇಚಿಬನ್’, ವಸಂತದ ಮೊದಲನೆಯದು. ಅದು ತೆಂಕಣದಿಂದ ಬೀಸುವ ಮೊದಲ ಬಿರುಗಾಳಿ. ರಿಶ್ಶುನ್ನಿಗೂ ಮಾರ್ಚ್ ಮೂರನೆಯ ವಾರದ ವಿಷುವದಿನಕ್ಕೂ ನಡುವೆ ಅದು ಬಂದರೆ ಹವಾಮಾನ ಇಲಾಖೆ ಪ್ರಕಟಿಸುತ್ತದೆ. ಟೋಕಿಯೊ ಇರುವ ಕಂತೊ ಪ್ರದೇಶದಲ್ಲಿ ಗಾಳಿಯ ವೇಗ ಸೆಕೆಂಡಿಗೆ 8 ಮೀಟರಾದರೂ ಇರಬೇಕು. 1859ರಲ್ಲಿ ಈಕಿ ದ್ವೀಪದ 53 ಮೀನುಗಾರರು ಇಂಥ ಗಾಳಿಗೆ ಸಿಕ್ಕಿ ಸತ್ತ ನೆನಪು ಆ ಹೆಸರಿನ ಜೊತೆ ಅಂಟಿಕೊಂಡಿದೆ. ನಾನು ಇಲ್ಲಿಗೆ ಬಂದ ಮೊದಲ ಫೆಬ್ರವರಿಯಲ್ಲಿ ಬಾಲ್ಕನಿಯ ಬಟ್ಟೆಗಳೆಲ್ಲ ಹಾರಿಹೋದ ಮಧ್ಯಾಹ್ನ, ಪಕ್ಕದ ಮನೆಯವರು ಈ ಗಾಳಿಯ ಹೆಸರನ್ನು ಹೇಳಿ, ದಿಕ್ಕನ್ನು ಕೈಯಿಂದ ತೋರಿಸಿದರು. ಆ ಕ್ಷಣ ನನ್ನ ಬಾಯಿಗೆ ಬಂದದ್ದು ಆದಿಕವಿಯ ಎರಡು ಪದಗಳು: ‘ತೆಂಕಣ ಗಾಳಿ’.

941ರಲ್ಲಿ ಪಂಪನು ವಿಕ್ರಮಾರ್ಜುನ ವಿಜಯದಲ್ಲಿ ಬನವಾಸಿಯನ್ನು ನೆನೆದ ಆ ಪದ್ಯ ಕನ್ನಡಿಗರೆಲ್ಲರ ನಾಲಿಗೆಯ ಮೇಲಿದೆ. ಆದರೆ ನಾವು ಕೊನೆಯ ಸಾಲಿನ ಅಂಕುಶವನ್ನು ಮಾತ್ರ ಹಿಡಿದುಕೊಂಡು ಮೊದಲ ಮೂರು ಸಾಲುಗಳನ್ನು ಮರೆತಿದ್ದೇವೆ. ಅಲ್ಲಿರುವುದು ಸೋಂಕುವ ತೆಂಕಣ ಗಾಳಿ, ಕಿವಿಗೆ ಬೀಳುವ ಒಳ್ಳೆಯ ನುಡಿ, ಇಂಪಾದ ಹಾಡು, ಬಿರಿದ ಮಲ್ಲಿಗೆ, ಮಧುಮಹೋತ್ಸವ. ಅದು ವಸಂತದ ಆಗಮನದ ಪದ್ಯ. ಅದರ ವೃತ್ತವಾದ ಉತ್ಪಲಮಾಲೆಯ ಸಾಲಿಗೆ 20 ಅಕ್ಷರ, ನಾಲ್ಕು ಸಾಲಿಗೆ 80. ಮೊದಲ ಸಾಲಿನ ಕೊನೆಯ ಅಕ್ಷರ ‘ಗೇ’, ಎರಡನೆಯ ಸಾಲಿನ ಮೊದಲ ಅಕ್ಷರ ‘ಯಂ’. ಅಂದರೆ ‘ಗೇಯಂ’ ಎಂಬ ಹಾಡಿನ ಪದವೇ ಸಾಲಿನ ಗಡಿಯನ್ನು ದಾಟಿ ಹರಿಯುತ್ತದೆ. ಹಾಯ್ಕುವಿನಲ್ಲೂ ಪದವೊಂದು ಐದರ ಗಡಿ ದಾಟಿ ಏಳರೊಳಗೆ ಕಾಲಿಡುವುದಕ್ಕೆ ಪ್ರತ್ಯೇಕ ಹೆಸರಿದೆ, ಬಲ್ಲವರು ಅದನ್ನು ಬೇಕೆಂದೇ ಮಾಡುತ್ತಾರೆ. ಹೊರನಾಡಿನಲ್ಲಿ ಕುಳಿತವನಿಗೆ ಈ ಪದ್ಯ ಕೊಡುವ ಸಂಕಟವನ್ನು ನಾನು ವಿವರಿಸಬೇಕಾಗಿಲ್ಲ. ತೆಂಕಣ ಗಾಳಿಗೆ ಬನವಾಸಿಯನ್ನು ನೆನೆದ ಮನಸ್ಸಿಗೂ ತೆಂಕಣ ಗಾಳಿಯ ಮೊದಲ ಬೀಸನ್ನು ಪತ್ರಿಕೆಯಲ್ಲಿ ಪ್ರಕಟಿಸುವ ನಾಡಿಗೂ ನಡುವೆ ನನಗೆ ಹೆಚ್ಚು ದೂರ ಕಾಣುವುದಿಲ್ಲ.

ದೂರ ಕಾಣುವುದು ಬೇರೆಡೆ. ನಮ್ಮ ಮಹಾಕಾವ್ಯಗಳಲ್ಲಿ ಋತುವರ್ಣನೆ ಅಷ್ಟಾದಶ ವರ್ಣನೆಗಳಲ್ಲಿ ಒಂದು. ದೊಡ್ಡ ಕಥೆಯ ನಡುವೆ ಅದಕ್ಕೊಂದು ಜಾಗವಿತ್ತು, ಮಾವು ಕೋಗಿಲೆ ದುಂಬಿಗಳು ಅಲ್ಲಿ ತಪ್ಪದೆ ಬರುತ್ತಿದ್ದವು. ಕಾವ್ಯ ಹೋಗಿ ಆ ವರ್ಣನೆಯ ಸಾಮಗ್ರಿ ಮಾತ್ರ ನಮ್ಮ ಕೈಯಲ್ಲಿ ಉಳಿಯಿತು. ಯುಗಾದಿಯ ವಿಶೇಷ ಪುಟಗಳಲ್ಲಿ ಕೋಗಿಲೆಯಿಲ್ಲದ ಪದ್ಯವನ್ನು ಹುಡುಕಬೇಕು. ಹಾಯ್ಕು ಎಂಬ ಹೆಸರನ್ನು ಬಳಕೆಗೆ ತಂದ ಮಸಾವೊಕ ಶಿಕಿ (1867–1902) ತನ್ನ ಕಾಲದ ಸವೆದ ಪದ್ಯಗಳನ್ನು ‘ತಿಂಗಳು ತಿಂಗಳಿನ ಮಾಮೂಲು’ ಎಂಬ ಅರ್ಥದ ಪದದಿಂದ ಕರೆದು, ಕಣ್ಣೆದುರಿಗಿರುವುದನ್ನು ಕಂಡಂತೆ ಬರೆಯಿರಿ ಎಂದ. ಕೋಗಿಲೆಯನ್ನು ಬಿಡಬೇಕಾಗಿಲ್ಲ, ಆದರೆ ಈ ವರ್ಷ ಯಾವ ದಿನ, ಯಾವ ಮರದಿಂದ ಅದನ್ನು ಮೊದಲು ಕೇಳಿದೆವು ಎಂಬುದು ಪದ್ಯದಲ್ಲಿ ಇರಬೇಡವೇ?

ಇದಕ್ಕಿಂತ ಹೆಚ್ಚಿನ ಬೇಸರ ತರುವುದು ಕನ್ನಡ ಹಾಯ್ಕುವಿನಲ್ಲಿ ಬರುವ ಸಕುರ ಮತ್ತು ಹಿಮ. ತಿಪಟೂರಿನಲ್ಲಿ, ಕಲಬುರಗಿಯಲ್ಲಿ ಕುಳಿತು ಸಕುರದ ಎಸಳು ಉದುರಿಸುವುದರಲ್ಲಿ ಏನರ್ಥವಿದೆ? ಕಿಗೊ ಎಂಬುದು ನೆಲಕ್ಕೆ ಅಂಟಿದ ಪದ. ಬಶೋ ಬರೆದ ಆ ಕಪ್ಪೆ ಜಪಾನಿನಲ್ಲಿ ವಸಂತದ ಕಪ್ಪೆ. ನಮ್ಮ ಓದುಗನಿಗೆ ಕಪ್ಪೆ ಎಂದೊಡನೆ ಕೇಳುವುದು ಮುಂಗಾರಿನ ವಟಗುಟ್ಟುವಿಕೆ. ಉಯ್ಯಾಲೆ ಅವರ ಕೋಶದಲ್ಲಿ ವಸಂತದ ಪದ. ಧಾರವಾಡದ ಕಡೆಯವರಿಗೆ ಜೋಕಾಲಿ ಎಂದರೆ ಶ್ರಾವಣದ ಪಂಚಮಿ. ಗಾಳಿಪಟವೂ ಅವರಿಗೆ ವಸಂತದ್ದು. ಹಳೆ ಮೈಸೂರಿನ ಮಕ್ಕಳಿಗೆ ಅದು ಆಷಾಢದ ಗಾಳಿಯದು. ಒಂದೇ ವಸ್ತು, ಒಂದೇ ಆಟ, ಬೇರೆ ಬೇರೆ ಋತು. ಹೀಗಿರುವಾಗ ಅವರ ಪಟ್ಟಿಯನ್ನು ಅನುವಾದ ಮಾಡಿಕೊಂಡರೆ ನಮಗೆ ದಕ್ಕುವುದು ಅವರ ವಸಂತವೂ ಅಲ್ಲ, ನಮ್ಮದೂ ಅಲ್ಲ.

ನಮ್ಮ ಸಾಯ್‌ಜಿಕಿಯನ್ನು ಯಾರೂ ಪುಸ್ತಕ ಮಾಡಿಲ್ಲವಾದರೂ ಅದು ರೈತರ ಬಾಯಲ್ಲಿದೆ. ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ ನಕ್ಷತ್ರ. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರಕ್ಕೆ ಕೃತ್ತಿಕೆ. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎಂಬ ಮಾತು ಒಂದು ಕಿಗೊ ಮಾಡುವ ಕೆಲಸವನ್ನೇ ಮಾಡುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ ಎಂದು ನಮ್ಮಲ್ಲಿ ಹೇಳಿದರೆ, ಬಿಸಿಲಾಗಲಿ ಚಳಿಯಾಗಲಿ ‘ಹಿಗನ್’ ಬರುವ ತನಕ ಎಂದು ಇಲ್ಲಿ ಹೇಳುತ್ತಾರೆ. ಹಿಗನ್ ಎಂದರೆ ವಿಷುವದ ಸುತ್ತಲಿನ, ಹಿರಿಯರ ಸಮಾಧಿಗೆ ಹೋಗಿಬರುವ ದಿನಗಳು. ಗಮನಿಸಬೇಕಾದ ವ್ಯತ್ಯಾಸವೊಂದಿದೆ: ಜಪಾನೀ ಗಾದೆ ಸರಿಯಾಗಿ ಏಳು ಮತ್ತು ಐದು ಒನ್‌ಗಳಲ್ಲಿ ಕೂತಿದೆ, ‘ಹಿಗನ್’ ಎಂಬುದರ ಕೊನೆಯ ನಕಾರವನ್ನು ಬಿಟ್ಟರೆ ಆ ಐದು ಕೂಡಿಬರುವುದಿಲ್ಲ. ನಮ್ಮ ಗಾದೆಯನ್ನು ಹಿಡಿದಿಟ್ಟಿರುವುದು ಭರಣಿ–ಧರಣಿ ಎಂಬ ಪ್ರಾಸ. ಅವರ ನೆನಪು ಎಣಿಕೆಗೆ ಕಟ್ಟಿಕೊಂಡಿದೆ, ನಮ್ಮದು ಪ್ರಾಸಕ್ಕೆ. ರಸ್ತೆಗೆ ಓಡಿಬರಬೇಡ, ವಾಹನ ಥಟ್ಟನೆ ನಿಲ್ಲಲಾರದು ಎಂದು ಮಕ್ಕಳಿಗೆ ಕಲಿಸುವ ಇಲ್ಲಿನ ಘೋಷಣೆ ಕೂಡ 5-7-5.

ಮುತ್ತುಗದ ಕಾಡು ಕೆಂಪಾಗುವುದು, ಚಿಕ್ಕಮಗಳೂರಿನ ತೋಟದವರು ಕಾಯುವ ಹೂಮಳೆ, ಅದಾದ ಎಂಟು ಹತ್ತು ದಿನಕ್ಕೆ ಬೆಳ್ಳಗಾಗುವ ಕಾಫಿ ಗಿಡ, ಉಪ್ಪಿನಕಾಯಿಗೆ ಬರುವ ಮಿಡಿಮಾವು, ಬೀದಿಯ ಮೇಲೆ ಹಾಸಿ ಬೀಳುವ ಹೊಂಗೆ ಹೂ: ಕನ್ನಡದ ವಸಂತಕ್ಕೆ ಪದಗಳ ಬಡತನವಿಲ್ಲ.

ನಮ್ಮಲ್ಲಿ ಹೊಸ ವರ್ಷವೂ ವಸಂತವೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ ಎಂಬುದು ದೊಡ್ಡ ಭಾಗ್ಯ. ಜಪಾನೀಯರಿಗೂ ಹಿಂದೆ ಹಾಗೇ ಇತ್ತು. 1873ರ ಜನವರಿ 1ರಿಂದ ಅವರು ಪಾಶ್ಚಾತ್ಯ ಪಂಚಾಂಗಕ್ಕೆ ಬದಲಾದಾಗ ಹೊಸ ವರ್ಷ ಚಳಿಗಾಲದ ನಡುವಿಗೆ ಸರಿದುಹೋಯಿತು. ಜನವರಿಯ ಶುಭಾಶಯ ಪತ್ರಗಳಲ್ಲಿ ಇವತ್ತಿಗೂ ‘ವಸಂತಕ್ಕೆ ಸ್ವಾಗತ’ ಎಂಬ ಅರ್ಥದ ಎರಡು ಅಕ್ಷರಗಳನ್ನು ಬರೆಯುತ್ತಾರೆ, ಹೊರಗೆ ಮೈ ಕೊರೆಯುವ ಚಳಿ. ಸಾಯ್‌ಜಿಕಿಯಲ್ಲಿ ನಾಲ್ಕು ಋತುಗಳ ಜೊತೆಗೆ ಹೊಸ ವರ್ಷಕ್ಕೆಂದೇ ಐದನೆಯ ವಿಭಾಗವಿದೆ. ಯುಗಾದಿಯ ಬೆಳಿಗ್ಗೆ ಮಾವಿನ ತೋರಣ ಕಟ್ಟುವ ನಾವು ಪದವನ್ನೂ ಋತುವನ್ನೂ ಹೀಗೆ ಬೇರ್ಪಡಿಸಿಕೊಳ್ಳಬೇಕಾಗಿ ಬಂದಿಲ್ಲ. ಈ ಭಾಗ್ಯವಿದ್ದೂ ಪದ್ಯಕ್ಕೆ ಬೇಕಾದ ಋತುವನ್ನು ಕಡ ತರುವುದು ಸರಿಯಲ್ಲ.

ರೂಪವನ್ನು ತರುವುದಕ್ಕೆ ನನ್ನ ವಿರೋಧವಿಲ್ಲ. ಕನ್ನಡ ಮೊದಲಿನಿಂದಲೂ ರೂಪಗಳನ್ನು ತಂದುಕೊಂಡೇ ಬೆಳೆದಿದೆ, ಆದರೆ ತಂದದ್ದಕ್ಕೆ ತನ್ನ ಕಟ್ಟಳೆ ಹಾಕದೆ ಒಳಗೆ ಬಿಟ್ಟುಕೊಂಡಿಲ್ಲ. ಸಂಸ್ಕೃತದ ವೃತ್ತಗಳು ಬಂದಾಗ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವಿರಬೇಕೆಂದು ನಮ್ಮ ಕವಿಗಳು ಹಿಡಿದರು. 1926ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಇಂಗ್ಲಿಷ್ ಗೀತಗಳು ಬಂದಾಗ ಇಂಗ್ಲಿಷಿನ ಲಯವನ್ನು ಅಕ್ಷರ ಎಣಿಸಿ ಅವರು ತರಲಿಲ್ಲ. ಕನ್ನಡದ ಮಾತ್ರಾಗಣಗಳನ್ನೇ ಹೊಸದಾಗಿ ಜೋಡಿಸಿದರು, ಅಲ್ಲಿಂದ ನವೋದಯದ ಕಾವ್ಯಕ್ಕೆ ದಾರಿಯಾಯಿತು. ಆ ಸಂಕಲನದಲ್ಲೂ ವಸಂತ ಬಂದ ಸಂತಸವನ್ನು ಹಾಡುವ ಪದ್ಯವೊಂದಿದೆ. ಲಯ ಪೂರ್ತಿ ಕನ್ನಡದ್ದು, ಹಕ್ಕಿಗಳ ಉಲಿ ಮಾತ್ರ ಇಂಗ್ಲೆಂಡಿನದು. ಹಾಯ್ಕುವಿನ ವಿಷಯದಲ್ಲಿ ನಾವು ಆ ಉಲಿಯನ್ನೂ ನಮ್ಮದಾಗಿಸಿಕೊಳ್ಳಬಲ್ಲೆವು ಎಂದು ನನ್ನ ನಂಬಿಕೆ.

ಕಲಿಸುವ ಕ್ರಮದಲ್ಲೂ ನಾವು ಯೋಚಿಸಬೇಕಾದದ್ದಿದೆ. ನಾನು ‘ಯಮಾತಾರಾಜಭಾನಸಲಗಂ’ ಬಾಯಿಪಾಠ ಮಾಡಿದೆ, ಕೊಟ್ಟ ಸಾಲಿಗೆ ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆದು ಅಂಕ ಪಡೆದೆ. ಆದರೆ ಒಂದು ಸಾಲನ್ನು ಸ್ವತಃ ಕಟ್ಟಿ ನೋಡು ಎಂದು ಯಾರೂ ಹೇಳಲಿಲ್ಲ. ಇಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಪ್ರಸ್ತಾರವನ್ನು ಕಲಿಯುವುದಿಲ್ಲ, ಬೆರಳು ಮಡಚಿ ಪದ್ಯ ಕಟ್ಟುತ್ತಾರೆ. ಪತ್ರಿಕೆಗಳಲ್ಲಿ ಓದುಗರ ಹಾಯ್ಕುವಿಗೆ ಅಂಕಣವಿದೆ. ಹಸಿರು ಚಹಾದ ಬಾಟಲಿಯ ಮೇಲೆ ಸ್ಪರ್ಧೆಯಲ್ಲಿ ಗೆದ್ದವರ ಪದ್ಯ ಅಚ್ಚಾಗಿರುತ್ತದೆ. ನಮ್ಮ ಶಾಲೆಗಳಲ್ಲಿ ಯುಗಾದಿಯ ಹಿಂದಿನ ವಾರ ಐದು, ಏಳು, ಐದು ಮಾತ್ರೆಯ ಮೂರು ಸಾಲನ್ನು ಮಕ್ಕಳಿಂದ ಬರೆಸಿದರೆ ಗುರು ಲಘುಗಳು ಪರೀಕ್ಷೆ ಮುಗಿದ ಮೇಲೂ ಅವರ ಜೊತೆ ಇರುತ್ತವೆ.

ನಮ್ಮ ಕವಿಗೋಷ್ಠಿ ಮತ್ತು ಇಲ್ಲಿನ ‘ಕುಕಾಯ್’ ಎಂಬ ಕೂಟ, ಎರಡರಲ್ಲೂ ನಾನು ಕೂತಿದ್ದೇನೆ. ಗೋಷ್ಠಿಯಲ್ಲಿ ಹೆಸರು ಮೊದಲು, ಪದ್ಯ ಆಮೇಲೆ. ಕುಕಾಯ್‌ನಲ್ಲಿ ಪ್ರತಿಯೊಬ್ಬರೂ ಕಿರಿದಾದ ಕಾಗದದ ಪಟ್ಟಿಗಳ ಮೇಲೆ ಹೆಸರಿಲ್ಲದೆ ಪದ್ಯ ಬರೆದು ಒಂದೆಡೆ ಹಾಕುತ್ತಾರೆ. ಅವನ್ನು ಕಲಸಿ ಹಂಚುತ್ತಾರೆ, ಕೈಬರಹದಿಂದ ಗುರುತು ಹತ್ತದಂತೆ ಒಬ್ಬರ ಪದ್ಯವನ್ನು ಇನ್ನೊಬ್ಬರು ಪ್ರತಿ ಮಾಡುತ್ತಾರೆ. ಹಾಳೆಗಳು ಕೈಯಿಂದ ಕೈಗೆ ಸುತ್ತಿ ಬಂದ ಮೇಲೆ ಪ್ರತಿಯೊಬ್ಬರೂ ತಮಗೆ ಹಿಡಿಸಿದ್ದನ್ನು ಆರಿಸುತ್ತಾರೆ. ಆರಿಸಿದ್ದನ್ನು ಓದಿದಾಗ ಬರೆದವರು ತಮ್ಮ ಹೆಸರು ಹೇಳುತ್ತಾರೆ. ಹತ್ತು ವರ್ಷದ ಹುಡುಗಿಯ ಪದ್ಯವನ್ನು ಎಲ್ಲರಿಗಿಂತ ಹಿರಿಯರು ಆರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆಂದು ಗೋಷ್ಠಿಯನ್ನು ಕೀಳೆನ್ನಲಾರೆ. ಪದ್ಯವನ್ನು ರಾಗವಾಗಿ ಎತ್ತಿಕೊಳ್ಳುವ, ಗಮಕಿಯ ದನಿಯಲ್ಲಿ ಅರ್ಥವೇ ಬೆಳೆಯುವ ಸುಖ ಇಲ್ಲಿನ ಮೌನದ ಕೋಣೆಯಲ್ಲಿಲ್ಲ, ಅದಕ್ಕಾಗಿ ನಾನು ಹಸಿದಿದ್ದೇನೆ.

ಕಳೆದ ವಸಂತದ ಕೂಟದಲ್ಲಿ, ನಮ್ಮನ್ನು ನಡೆಸುವ ಎಂಬತ್ತು ದಾಟಿದ ಸೆನ್ಸೆಯ್ ಅವರು ನನ್ನ ಭಾಷೆಯಲ್ಲೇ ಒಂದನ್ನು ಹೇಳುವಂತೆ ಕೇಳಿದರು. ನಾನು ಮೊದಲು ಹೇಳಿದ್ದು ಹೀಗಿತ್ತು:

ತೆಂಗಾಳಿ
ಬೀದಿ ತುಂಬಿದೆ
ಹೊಂಗೆ ಹೂ

ಅರ್ಥವನ್ನು ವಿವರಿಸಿದ ಮೇಲೆ ಅವರು ಸ್ವಲ್ಪ ಹೊತ್ತು ಯೋಚಿಸಿ, ತೆಂಗಾಳಿಯೂ ವಸಂತದ್ದು, ಹೂವೂ ವಸಂತದ್ದು, ಒಂದು ಪದ್ಯಕ್ಕೆ ಎರಡು ಋತುಪದ ಹೊರೆಯಾಗುತ್ತದೆ ಎಂದರು. ಅವರ ಮಾತು ಸರಿಯಾಗಿತ್ತು. ಗಾಳಿಯನ್ನು ಬಿಟ್ಟು, ತಿಪಟೂರಿನ ನಮ್ಮ ಬೀದಿಯಲ್ಲಿ ನಾನು ದಿನವೂ ಕಾಣುತ್ತಿದ್ದುದನ್ನು ನೆನೆದುಕೊಂಡೆ. ಮುಂದಿನ ತಿಂಗಳು ಇದನ್ನು ಒಯ್ದೆ:

ಹಾಲಿನವ
ತುಳಿದು ಬಂದನು
ಹೊಂಗೆ ಹೂ

ಎರಡು ಸಲ ನಿಧಾನವಾಗಿ ಹೇಳಿದೆ. ಕನ್ನಡದ ಒಂದು ಪದವೂ ತಿಳಿಯದ ಅವರು ಕೇಳಿಸಿದಂತೆ ತಮ್ಮ ಲಿಪಿಯಲ್ಲಿ ಬರೆದುಕೊಂಡು, ಪೆನ್ಸಿಲ್ಲಿನ ತುದಿಯಿಂದ ಒಂದೊಂದನ್ನೇ ಮುಟ್ಟುತ್ತ ಹೋದರು. ‘ಬಂದನು’ ಎಂಬಲ್ಲಿಯ ಅನುಸ್ವಾರಕ್ಕೆ ಒಂದು, ‘ಹೂ’ ಎಂಬುದಕ್ಕೆ ಎರಡು. ಕೊನೆಗೆ ತಲೆಯೆತ್ತಿ, ಐದು, ಏಳು, ಐದು, ಹದಿನೇಳು ಇದೆ ಎಂದರು. ಆಮೇಲೆ ತಮ್ಮ ಸಾಯ್‌ಜಿಕಿಯ ವಸಂತದ ಪುಟಗಳ ಅಂಚಿನಲ್ಲಿ ‘ಹೊಂಗೆ’ ಎಂದು ಬರೆದು, ಅದು ಯಾವ ತಿಂಗಳಲ್ಲಿ ಉದುರುತ್ತದೆ ಎಂದು ನನ್ನನ್ನು ಕೇಳಿದರು.